ಶಸ್ತ್ರಚಿಕಿತ್ಸೆಯ ನಂತರ ಮನೆಯಲ್ಲಿ ಸಾಕುಪ್ರಾಣಿಯ ಆರೈಕೆ: ಮೊದಲ ರಾತ್ರಿಯಿಂದ ಹೊಲಿಗೆ ಬಿಚ್ಚುವವರೆಗೆ

ನಾಯಿಗಾಗಲಿ ಬೆಕ್ಕಿಗಾಗಲಿ ಶಸ್ತ್ರಚಿಕಿತ್ಸೆ ಮಾಡಿಸಿ ಮನೆಗೆ ಕರೆತಂದವರು ಹೆಚ್ಚಾಗಿ ಹೆದರುವುದು ಮೊದಲ ರಾತ್ರಿಗೆ. ಪ್ರಾಣಿ ತೂರಾಡುತ್ತಿರುತ್ತದೆ, ನರಳುತ್ತಿರುತ್ತದೆ, ಊಟವನ್ನು ಮೂಸಿಯೂ ನೋಡುವುದಿಲ್ಲ. ಮನೆಮಂದಿಯೆಲ್ಲ ಅದರ ಸುತ್ತಲೇ ಕುಳಿತಿರುತ್ತಾರೆ. ಆ ರಾತ್ರಿಗೆ ಎಚ್ಚರ ಬೇಕು ಎಂಬುದು ನಿಜವೇ. ಆದರೆ ನಾನು ಕಂಡಂತೆ ಎಡವಟ್ಟುಗಳು ಹೆಚ್ಚಾಗಿ ಆಗುವುದು ನಾಲ್ಕನೆಯ ದಿನದ ನಂತರ. ಆ ಹೊತ್ತಿಗೆ ಪ್ರಾಣಿ ಬಾಲ ಆಡಿಸುತ್ತ ಬಾಗಿಲಿಗೆ ಬರುತ್ತಿರುತ್ತದೆ, ಮನೆಯವರು ನಿರಾಳರಾಗಿರುತ್ತಾರೆ, ಗಾಯ ನೆಕ್ಕದಂತೆ ಕುತ್ತಿಗೆಗೆ ಹಾಕಿದ ಕಾಲರ್ ಬಿಚ್ಚಿ ಮೂಲೆಗೆ ಸೇರಿರುತ್ತದೆ.

ಇದಕ್ಕೆ ಕಾರಣ ಚರ್ಮ ಕೂಡಿಕೊಳ್ಳುವ ರೀತಿಯಲ್ಲೇ ಇದೆ. ಮೊದಲ ಮೂರರಿಂದ ಐದು ದಿನ ಗಾಯದ ಎರಡು ಅಂಚುಗಳನ್ನು ಹಿಡಿದಿಟ್ಟಿರುವುದು ಬಹುಮಟ್ಟಿಗೆ ದಾರ ಮಾತ್ರ. ಆಮೇಲೆ ಹೊಸ ಅಂಗಾಂಶ ಬೆಳೆಯತೊಡಗಿ, 10ರಿಂದ 14 ದಿನಗಳ ಹೊತ್ತಿಗೆ ದಾರವಿಲ್ಲದೆಯೂ ಚರ್ಮ ಅಂಟಿಕೊಂಡಿರುವಷ್ಟು ಗಟ್ಟಿಯಾಗುತ್ತದೆ. ಆಗಲೂ ಅದರ ಬಲ ಮೂಲ ಚರ್ಮದ ಬಲದ ಸಣ್ಣ ಪಾಲು ಮಾತ್ರ, ಉಳಿದದ್ದು ಕೂಡಿಕೊಳ್ಳಲು ತಿಂಗಳುಗಳೇ ಬೇಕು. ನೋವು ಕಡಿಮೆಯಾಗುವ ವೇಗ ಮತ್ತು ಗಾಯ ಗಟ್ಟಿಯಾಗುವ ವೇಗ ಬೇರೆಬೇರೆ ಎಂಬುದು ಪ್ರಾಣಿಗೆ ತಿಳಿಯದು. ಮುಂದೆ ಹೇಳುವ ಎಲ್ಲ ಕ್ರಮಗಳೂ ಈ ಅಂತರವನ್ನು ಮನೆಯವರು ನಿಭಾಯಿಸುವುದಕ್ಕೆ ಸಂಬಂಧಿಸಿದವು.

ಆಸ್ಪತ್ರೆಯಿಂದ ಹೊರಡುವ ಮುನ್ನ

ಪ್ರಾಣಿಯನ್ನು ಕೈಗೆ ಒಪ್ಪಿಸುವ ಗಡಿಬಿಡಿಯಲ್ಲಿ ಹೇಳಿದ್ದೆಲ್ಲ ಕಿವಿಗೆ ಬೀಳುತ್ತದೆಯೇ ಹೊರತು ನೆನಪಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಸೂಚನೆಗಳನ್ನು ಬರೆಸಿಕೊಳ್ಳಬೇಕು, ಇಲ್ಲವೇ ಅಲ್ಲೇ ನಿಂತು ಬರೆದುಕೊಳ್ಳಬೇಕು. ಹೊಲಿಗೆ ಹೊರಗಿನಿಂದ ಕಾಣುವಂಥದೋ, ಒಳಗೇ ಕರಗುವಂಥದೋ. ಅದನ್ನು ತೆಗೆಸಲು ಯಾವಾಗ ಬರಬೇಕು. ಇಂದು ರಾತ್ರಿ ಊಟ ಕೊಡಬಹುದೇ, ಎಷ್ಟು. ರಾತ್ರಿ ಹೊತ್ತಿನಲ್ಲಿ ತೊಂದರೆಯಾದರೆ ಯಾರಿಗೆ ಕರೆ ಮಾಡಬೇಕು ಎಂಬುದನ್ನು ಕೇಳಲು ಯಾರೂ ಮರೆಯುವುದಿಲ್ಲ. ಮರೆಯುವುದು ಇನ್ನೊಂದು ಪ್ರಶ್ನೆಯನ್ನು: ನೋವುನಿವಾರಕವನ್ನು ಕೊನೆಯದಾಗಿ ಕೊಟ್ಟದ್ದು ಎಷ್ಟು ಗಂಟೆಗೆ? ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಕೊಟ್ಟ ಕೆಲವು ಚುಚ್ಚುಮದ್ದುಗಳ ಪರಿಣಾಮ 24 ಗಂಟೆ ಇರುತ್ತದೆ. ಅದು ತಿಳಿಯದೆ ಅದೇ ರಾತ್ರಿ ಮಾತ್ರೆಯನ್ನೂ ಕೊಟ್ಟರೆ ಒಂದೇ ದಿನ ಎರಡು ದಿನದ ಔಷಧ ಹೊಟ್ಟೆ ಸೇರಿದಂತಾಗುತ್ತದೆ.

ಅಲ್ಲಿಯೇ, ಒಳ್ಳೆಯ ಬೆಳಕಿನಲ್ಲಿ, ಗಾಯದ ಒಂದು ಫೋಟೊ ತೆಗೆದುಕೊಳ್ಳಿ. ವೈದ್ಯರು ಸರಿಯಾಗಿದೆ ಎಂದು ಬಿಟ್ಟುಕೊಟ್ಟ ಗಾಯ ಹೇಗಿತ್ತು ಎಂಬುದಕ್ಕೆ ಮುಂದಿನ ಎರಡು ವಾರ ಅದೇ ಅಳತೆಗೋಲು.

ಮನೆಯಲ್ಲಿ ಜಾಗ ಸಜ್ಜುಗೊಳಿಸುವುದು

ಪ್ರಾಣಿ ಬರುವ ಮೊದಲೇ ಈ ಕೆಲಸ ಮುಗಿದಿರಬೇಕು. ಜನ ಓಡಾಡುವ ಜಾಗದಿಂದ ತುಸು ದೂರದ, ಮೆಟ್ಟಿಲಿಲ್ಲದ, ಜಿಗಿಯಲು ಎತ್ತರದ ಪೀಠೋಪಕರಣವಿಲ್ಲದ ಒಂದು ಚಿಕ್ಕ ಕೋಣೆ ಸಾಕು. ನೆಲ ನುಣುಪಾಗಿದ್ದರೆ ಹಾಸಿಗೆಯಿಂದ ನೀರಿನ ಬಟ್ಟಲಿನವರೆಗೆ ಜಾರದ ಚಾಪೆ ಹಾಸಿ; ಕಾಲು ಅಗಲಿಸಿಕೊಂಡು ಜಾರಿದ ನಾಯಿಗೆ ಹೊಟ್ಟೆಯ ಹೊಲಿಗೆಯೂ ಎಳೆಯುತ್ತದೆ, ಕೀಲೂ ಎಳೆಯುತ್ತದೆ. ಹಾಸಿಗೆ ನೆಲದ ಮಟ್ಟದಲ್ಲಿರಲಿ, ಅದರ ಮೇಲಿನ ಬಟ್ಟೆ ತಿಳಿ ಬಣ್ಣದ್ದಾಗಿರಲಿ. ತಿಳಿ ಬಟ್ಟೆಯ ಮೇಲೆ ರಕ್ತವೋ ಕೀವೋ ಒಂದು ಹನಿ ಬಿದ್ದರೂ ಕಾಣುತ್ತದೆ, ಗಾಢ ಬಣ್ಣದ ಕಂಬಳಿ ಎಲ್ಲವನ್ನೂ ಮುಚ್ಚಿಹಾಕುತ್ತದೆ.

ಬೆಕ್ಕಿನ ಮಲಮೂತ್ರದ ತಟ್ಟೆಯಲ್ಲಿ ಕೆಲವು ದಿನ ಪುಡಿಪುಡಿಯಾದ ಮಣ್ಣಿನ ಬದಲು ಹರಿದ ಕಾಗದದ ಚೂರುಗಳನ್ನು ಹಾಕುವುದು ಲೇಸು, ಏಕೆಂದರೆ ಪುಡಿ ಹಸಿ ಗಾಯಕ್ಕೆ ಅಂಟಿಕೊಳ್ಳುತ್ತದೆ. ಮನೆಯಲ್ಲಿ ಬೇರೆ ಪ್ರಾಣಿಗಳಿದ್ದರೆ ಅವುಗಳನ್ನು ಬೇರೆ ಇಡಬೇಕು. ಒಟ್ಟಿಗೆ ಬೆಳೆದ ಬೆಕ್ಕೇ ಆಸ್ಪತ್ರೆಯ ವಾಸನೆ ಹೊತ್ತು ಬಂದ ಜೊತೆಗಾರನನ್ನು ಕಂಡು ಬುಸುಗುಟ್ಟುವುದುಂಟು. ಅದು ದ್ವೇಷವಲ್ಲ, ಗುರುತು ಸಿಗದಿರುವುದು ಮಾತ್ರ. ಬಾಗಿಲಿನ ಎರಡೂ ಬದಿಯ ಹಾಸಿಗೆಯ ಬಟ್ಟೆಗಳನ್ನು ಅದಲುಬದಲು ಮಾಡಿದರೆ ಒಂದೆರಡು ದಿನದಲ್ಲಿ ಶಮನವಾಗುತ್ತದೆ.

ಮೊದಲ ರಾತ್ರಿ

ಅರಿವಳಿಕೆಯ ಮಂಪರು ಪೂರ್ತಿ ಇಳಿಯಲು 12ರಿಂದ 24 ಗಂಟೆ ಬೇಕಾಗಬಹುದು. ಅಲ್ಲಿಯವರೆಗೆ ಪ್ರಾಣಿ ತೂಕಡಿಸುವುದು, ನಡೆಯುವಾಗ ವಾಲುವುದು, ಕಾರಣವಿಲ್ಲದೆ ಕುಂಯ್‌ಗುಡುವುದು ಸಹಜ. ಆ ಕುಂಯ್‌ಗುಡುವಿಕೆ ಯಾವಾಗಲೂ ನೋವಿನದೇ ಎಂದಲ್ಲ. ಬಲವಾದ ನೋವುನಿವಾರಕಗಳೂ ಪ್ರಾಣಿಯನ್ನು ದಿಕ್ಕುತೋಚದಂತೆ ಮಾಡುತ್ತವೆ. ಮೈಮುಟ್ಟಿ ಮಾತನಾಡಿಸಿದಾಗ ಸುಮ್ಮನಾದರೆ ಅದು ಬಹುಶಃ ಗಲಿಬಿಲಿ, ಸಂತೈಸಿದರೂ ನಿಲ್ಲದೆ ಹೆಚ್ಚುತ್ತ ಹೋದರೆ ನೋವೆಂದು ತಿಳಿದು ವೈದ್ಯರನ್ನು ಕೇಳಬೇಕು. ಅರಿವಳಿಕೆ ಕೊಡುವಾಗ ಶ್ವಾಸನಾಳಕ್ಕೆ ಕೊಳವೆ ಹಾಕಿರುವುದರಿಂದ ಒಂದೆರಡು ದಿನ ಸಣ್ಣ ಕೆಮ್ಮು ಬಂದರೂ ಗಾಬರಿ ಬೇಡ.

ಮಂಪರಿನಲ್ಲಿರುವ ದೇಹ ತನ್ನ ಶಾಖವನ್ನು ತಾನೇ ಕಾಪಾಡಿಕೊಳ್ಳಲಾರದು. ತೆಳುವಾದ ಹೊದಿಕೆ ಹೊದಿಸಿ, ಗಾಳಿ ಬೀಸುವ ಜಾಗದಿಂದ ದೂರ ಮಲಗಿಸಿ. ಬಿಸಿನೀರಿನ ಚೀಲವನ್ನು ನೇರವಾಗಿ ಮೈಗೆ ತಾಗಿಸಬಾರದು, ಏಕೆಂದರೆ ಬಿಸಿ ಹೆಚ್ಚಾದರೂ ಎದ್ದು ಸರಿದುಕೊಳ್ಳುವ ಶಕ್ತಿ ಅದಕ್ಕೆ ಆಗ ಇರುವುದಿಲ್ಲ. ಚರ್ಮ ಸುಟ್ಟದ್ದು ಮರುದಿನವಷ್ಟೇ ಗೊತ್ತಾಗುತ್ತದೆ.

ಪೂರ್ತಿ ಎಚ್ಚರವಾಗಿ ತಲೆ ಎತ್ತಿ ಕುಳಿತ ಮೇಲೆ ಮಾತ್ರ ನೀರು, ಅದೂ ಸ್ವಲ್ಪ ಸ್ವಲ್ಪ. ನುಂಗುವ ಹಿಡಿತ ಬಾರದ ಪ್ರಾಣಿಯ ಬಾಯಿಗೆ ನೀರು ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ನೀರು ಹೊಟ್ಟೆಯಲ್ಲಿ ನಿಂತರೆ ಒಂದೆರಡು ಗಂಟೆ ಬಿಟ್ಟು ಎಂದಿನ ಊಟದ ಕಾಲುಭಾಗ ಕೊಡಿ. ಒಮ್ಮೆ ವಾಂತಿಯಾದರೆ ಬೆಳಗಿನವರೆಗೆ ಊಟ ನಿಲ್ಲಿಸಿ. ಮತ್ತೆ ಮತ್ತೆ ಆದರೆ ಕಾಯದೆ ಕರೆ ಮಾಡಿ.

ಮಲಗುವ ಮುನ್ನ ವಸಡು ನೋಡುವ ಅಭ್ಯಾಸ ಮಾಡಿಕೊಳ್ಳಿ. ಮೇಲ್ದುಟಿಯನ್ನು ಮೆಲ್ಲಗೆ ಎತ್ತಿ, ಕೋರೆಹಲ್ಲಿನ ಮೇಲಿನ ವಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳುಚಿದ ಆ ಜಾಗ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ವಸಡೆಲ್ಲ ಕಾಗದದಂತೆ ಬಿಳಿಚಿಕೊಂಡಿದ್ದರೆ ಅದು ಒಳಗೆ ರಕ್ತ ಸೋರುತ್ತಿರುವುದರ ಸೂಚನೆಯಾಗಿರಬಹುದು, ಬೆಳಗಾಗಲಿ ಎಂದು ಕಾಯುವ ಮಾತೇ ಇಲ್ಲ. ವಸಡೇ ಕಪ್ಪಾಗಿರುವ ನಾಯಿಗಳಲ್ಲಿ ಕೆಳಗಣ್ಣಿನ ರೆಪ್ಪೆಯ ಒಳಭಾಗವನ್ನು ನೋಡಬಹುದು. ಇದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ, ಪ್ರಾಣಿ ಆರೋಗ್ಯವಾಗಿರುವಾಗ ಒಮ್ಮೆ ನೋಡಿಟ್ಟುಕೊಂಡವರಿಗೆ ಹೋಲಿಕೆ ಸುಲಭ.

ಕುತ್ತಿಗೆಯ ಕೋನ್: ರಾಜಿಯಾಗಬಾರದ ವಿಷಯ

ಎಲಿಜಬೆತನ್ ಕಾಲರ್ ಎಂದು ಕರೆಯುವ, ಬುಟ್ಟಿಯಂತೆ ತಲೆಯ ಸುತ್ತ ನಿಲ್ಲುವ ಕೋನನ್ನು ಯಾವ ಪ್ರಾಣಿಯೂ ಇಷ್ಟಪಡುವುದಿಲ್ಲ. ಯಜಮಾನರೂ ಇಷ್ಟಪಡುವುದಿಲ್ಲ, ಏಕೆಂದರೆ ಅದು ಮೊಣಕಾಲಿಗೆ ಬಡಿಯುತ್ತದೆ, ಗೋಡೆಗೆ ಉಜ್ಜುತ್ತದೆ, ಪ್ರಾಣಿಯ ಮುಖದಲ್ಲೊಂದು ದೂರಿನ ಭಾವ ತಂದುಕೂರಿಸುತ್ತದೆ. ಆದರೂ ಇಡೀ ಆರೈಕೆಯಲ್ಲಿ ಒಂದೇ ಒಂದನ್ನು ಕಟ್ಟುನಿಟ್ಟಾಗಿ ಪಾಲಿಸುವುದಾದರೆ ಅದು ಇದೇ ಆಗಲಿ ಎನ್ನುತ್ತೇನೆ.

ಹೀಗೆನ್ನಲು ಕಾರಣವಿದೆ. ನಮ್ಮ ಮನೆಯ ಹೆಣ್ಣುನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿ ಐದನೆಯ ದಿನ, ಕೋನಿನ ಒಳಅಂಚಿಗೆ ಅಂಟಿ ಒಣಗಿದ ಊಟವನ್ನು ತೊಳೆಯಲೆಂದು ಅದನ್ನು ಬಿಚ್ಚಿ ಬಚ್ಚಲಿಗೆ ಒಯ್ದೆ. ಉಜ್ಜಿ, ತೊಳೆದು, ಬಟ್ಟೆಯಿಂದ ಒರೆಸಿ ತರುವಷ್ಟರಲ್ಲಿ ನಾಯಿ ಒಂದು ಕಾಲನ್ನು ಮೇಲೆತ್ತಿ, ಬಹಳ ಶ್ರದ್ಧೆಯಿಂದ ಹೊಟ್ಟೆಯನ್ನು ಮುಂಬಲ್ಲುಗಳಲ್ಲಿ ಕೆದಕುತ್ತಿತ್ತು. ನೀಲಿ ದಾರದ ಎರಡು ಗಂಟುಗಳು ಕಾಣೆಯಾಗಿದ್ದವು, ಗಾಯದ ಕೆಳತುದಿ ಒಂದು ಬೆರಳಿನ ಅಗಲ ಬಾಯಿ ಬಿಟ್ಟಿತ್ತು. ಒಳಪದರದ ಹೊಲಿಗೆ ಗಟ್ಟಿಯಾಗಿದ್ದುದರಿಂದ ದೊಡ್ಡ ಅನಾಹುತವಾಗಲಿಲ್ಲ. ಮತ್ತೆ ಆಸ್ಪತ್ರೆ, ಮತ್ತೆ ಹೊಲಿಗೆ, ಮತ್ತೆ ಮೊದಲನೆಯ ದಿನದಿಂದ ಎಣಿಕೆ. ಅಂದಿನಿಂದ ತೊಳೆಯುವ ಕೆಲಸಕ್ಕೆ ಇಬ್ಬರಿರಬೇಕೆಂಬ ನಿಯಮ ಮಾಡಿಕೊಂಡೆವು: ಒಬ್ಬರು ಕೋನು ತೊಳೆಯುವುದು, ಇನ್ನೊಬ್ಬರು ನಾಯಿಯ ಪಕ್ಕದಿಂದ ಏಳದಿರುವುದು.

ನಾಯಿಯ ಎಂಜಲಿನಲ್ಲಿ ಗಾಯ ಮಾಯುವ ಗುಣವಿದೆ ಎಂಬ ನಂಬಿಕೆಯಿಂದ ನೆಕ್ಕಲು ಬಿಡುವವರಿದ್ದಾರೆ. ಎಂಜಲಿನಲ್ಲಿ ರೋಗಾಣುಗಳೂ ಹೇರಳವಾಗಿವೆ. ಒರಟು ನಾಲಿಗೆಯ ಉಜ್ಜಾಟ ಹೊಸದಾಗಿ ಕೂಡುತ್ತಿರುವ ಅಂಚುಗಳನ್ನು ಮತ್ತೆ ಮತ್ತೆ ಬಿಡಿಸುತ್ತದೆ. ಆ ವಾದಕ್ಕೆ ಕಿವಿಗೊಡಬೇಡಿ.

ಕೋನಿನ ಅಂಚು ಮೂಗಿನ ತುದಿಗಿಂತ ಮುಂದಕ್ಕೆ ಚಾಚಿರಬೇಕು. ಮೂಗು ಹೊರಗೆ ಇಣುಕಿದರೆ ನಾಲಿಗೆಯೂ ತಲುಪುತ್ತದೆ. ಕುತ್ತಿಗೆಯ ಪಟ್ಟಿಯ ಕೆಳಗೆ ಎರಡು ಬೆರಳು ಹಿಡಿಯುವಷ್ಟು ಸಡಿಲವಿರಲಿ, ಪಂಜ ತೂರಿಸಿ ಕಳಚಿಕೊಳ್ಳುವಷ್ಟು ಬೇಡ. ದಿನಕ್ಕೊಮ್ಮೆ ಪಟ್ಟಿಯ ಕೆಳಗಿನ ಚರ್ಮ ಕೆಂಪಾಗಿದೆಯೇ ಎಂದು ನೋಡಬೇಕು. ಊಟದ ಬಟ್ಟಲನ್ನು ಕೋನಿನ ಬಾಯಿಗಿಂತ ಕಿರಿದಾಗಿರುವಂಥದನ್ನು ಆರಿಸಿ ತುಸು ಎತ್ತರದಲ್ಲಿಟ್ಟರೆ ಬಹುಪಾಲು ಪ್ರಾಣಿಗಳು ಒಂದೇ ದಿನದಲ್ಲಿ ತಿನ್ನಲು ಕಲಿಯುತ್ತವೆ. ಗಾಳಿ ತುಂಬಿದ ಉಂಗುರದಂಥ ಕಾಲರ್‌ಗಳು ಮೆತ್ತಗಿರುತ್ತವೆ ನಿಜ, ಆದರೆ ಉದ್ದ ಮೂತಿಯ ನಾಯಿ ಅದನ್ನು ದಾಟಿಕೊಂಡು ಪಂಜವನ್ನೋ ಬಾಲವನ್ನೋ ಸುಲಭವಾಗಿ ಮುಟ್ಟುತ್ತದೆ. ಮೈಗೆ ತೊಡಿಸುವ ಬಟ್ಟೆಯ ಅಂಗಿ ಹೊಟ್ಟೆಯ ಗಾಯಕ್ಕೆ ಚೆನ್ನಾಗಿ ಒಗ್ಗುತ್ತದೆ, ಒದ್ದೆಯಾದ ಕೂಡಲೇ ಬದಲಿಸುವುದಾದರೆ ಮಾತ್ರ. ಯಾವುದನ್ನೇ ಆರಿಸಿದರೂ ನೀವು ಕಣ್ಣಿಟ್ಟು ನೋಡುತ್ತಿರುವಾಗಲೇ ಒಂದು ಗಂಟೆ ಪರೀಕ್ಷಿಸಿ, ಗಾಯಕ್ಕೆ ಬಾಯಿ ತಲುಪುವುದಿಲ್ಲವೆಂದು ಖಚಿತವಾದ ಮೇಲೆ ರಾತ್ರಿಗೆ ನಂಬಬೇಕು.

ಗಾಯವನ್ನು ನೋಡುವುದು, ಮುಟ್ಟದಿರುವುದು

ದಿನಕ್ಕೆ ಎರಡು ಬಾರಿ, ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಗಾಯವನ್ನು ನೋಡಿ, ದಿನಕ್ಕೊಂದು ಫೋಟೊ ತೆಗೆಯಿರಿ. ಮೊದಲ ಎರಡು ಮೂರು ದಿನ ಅಂಚುಗಳು ನಸುಗೆಂಪಾಗಿ ಉಬ್ಬಿರುವುದು, ಸುತ್ತ ಕಂದುನೀಲಿ ಕಲೆ ಮೂಡುವುದು, ಮೊದಲ ದಿನ ನೀರಿನಂಥ ತಿಳಿ ಗುಲಾಬಿ ದ್ರವ ಒಂದಷ್ಟು ಒಸರುವುದು ಇವೆಲ್ಲ ಸಹಜ. ಹೊಲಿಗೆಯ ಉದ್ದಕ್ಕೂ ಚರ್ಮದ ಕೆಳಗೆ ಗಟ್ಟಿಯಾದ ಏಣು ಕೈಗೆ ಸಿಗಬಹುದು. ಒಳಗಿನ ದಾರಕ್ಕೆ ದೇಹ ತೋರುವ ಪ್ರತಿಕ್ರಿಯೆ ಅದು, ವಾರಗಳಲ್ಲಿ ಕರಗುತ್ತದೆ.

ಗಮನಿಸಬೇಕಾದದ್ದು ದಿಕ್ಕನ್ನು. ಕೆಂಪು, ಊತ, ಬಿಸಿ ಇವು ದಿನದಿಂದ ದಿನಕ್ಕೆ ಇಳಿಯುತ್ತಿರಬೇಕು. ಮೂರನೆಯ ದಿನಕ್ಕಿಂತ ಐದನೆಯ ದಿನ ಹೆಚ್ಚಾಗಿದ್ದರೆ, ದ್ರವ ದಪ್ಪಗೆ ಹಳದಿ ಅಥವಾ ಹಸಿರಾದರೆ, ಕೆಟ್ಟ ವಾಸನೆ ಬಂದರೆ, ಅಂಚು ಕಪ್ಪಾದರೆ, ಎರಡು ಗಂಟುಗಳ ನಡುವೆ ಬಿರುಕು ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಿ. ಒತ್ತಿದಾಗ ನೀರು ತುಂಬಿದ ಚೀಲದಂತೆ ಕುಲುಕುವ ಮೆತ್ತನೆಯ ಉಬ್ಬು, ಪ್ರಾಣಿ ಹೆಚ್ಚು ಓಡಾಡಿದಾಗ ಚರ್ಮದ ಕೆಳಗೆ ದ್ರವ ಸೇರಿಕೊಳ್ಳುವುದರಿಂದ ಆಗುವುದುಂಟು. ಅದನ್ನು ಮನೆಯಲ್ಲಿ ಹಿಂಡುವುದಾಗಲಿ ಚುಚ್ಚುವುದಾಗಲಿ ಸಲ್ಲದು.

ಗಾಯಕ್ಕೆ ಏನನ್ನಾದರೂ ಹಚ್ಚಲೇಬೇಕೆಂಬ ಚಡಪಡಿಕೆಯನ್ನು ಹತ್ತಿಕ್ಕಿಕೊಳ್ಳಿ. ಹೈಡ್ರೋಜನ್ ಪೆರಾಕ್ಸೈಡ್ ನೊರೆಯೇಳುವಾಗ ಕೊಳೆ ಹೋಗುತ್ತಿದೆ ಎನಿಸುತ್ತದೆ, ಆದರೆ ಗಾಯ ಕೂಡಿಸಲು ಬಂದ ಹೊಸ ಜೀವಕೋಶಗಳನ್ನೂ ಅದು ಸಾಯಿಸುತ್ತದೆ. ಸ್ಪಿರಿಟ್ ಕೂಡ ಅಷ್ಟೇ. ಮುಲಾಮು ಹಚ್ಚಿದರೆ ಪ್ರಾಣಿಗೆ ನೆಕ್ಕಲು ಇನ್ನೊಂದು ಕಾರಣ ಕೊಟ್ಟಂತೆ. ಅಂಚಿನಲ್ಲಿ ರಕ್ತ ಒಣಗಿ ಕೂತಿದ್ದರೆ, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ ಹಿಂಡಿದ ಗಾಜ್ ಬಟ್ಟೆಯಿಂದ ಉಜ್ಜದೆ ಒತ್ತಿ ತೆಗೆದರೆ ಸಾಕು. ವೈದ್ಯರು ಒಪ್ಪಿದರೆ ಮೊದಲ 48 ಗಂಟೆ, ಬಟ್ಟೆಯಲ್ಲಿ ಸುತ್ತಿದ ತಣ್ಣನೆಯ ಚೀಲವನ್ನು ಒಮ್ಮೆಗೆ 10 ನಿಮಿಷದಂತೆ ದಿನಕ್ಕೆ ಮೂರು ಬಾರಿ ಇಡುವುದರಿಂದ ಊತ ತಗ್ಗುತ್ತದೆ. ಹೊಲಿಗೆ ತೆಗೆಯುವವರೆಗೆ ಸ್ನಾನವಿಲ್ಲ.

ಕಾಲಿಗೆ ಬ್ಯಾಂಡೇಜ್ ಕಟ್ಟಿದ್ದರೆ, ಅದರಿಂದ ಹೊರಗೆ ಕಾಣುವ ಬೆರಳುಗಳನ್ನು ದಿನಕ್ಕೆ ಎರಡು ಮೂರು ಬಾರಿ ಮುಟ್ಟಿ ನೋಡಿ. ನಡುವಿನ ಎರಡು ಉಗುರುಗಳು ಒಂದರಿಂದೊಂದು ದೂರ ಸರಿದಿದ್ದರೆ ಬೆರಳು ಊದಿದೆ ಎಂದರ್ಥ. ಊತ ಮತ್ತು ತಣ್ಣಗಾಗುವಿಕೆ ಎರಡೂ ಕಟ್ಟು ಬಿಗಿಯಾಗಿರುವುದನ್ನು ಹೇಳುತ್ತವೆ. ಬಿಗಿ ಕಟ್ಟಿನಿಂದ ಕಾಲನ್ನೇ ಕಳೆದುಕೊಳ್ಳುವ ಸಂಭವವಿರುವುದರಿಂದ ತಕ್ಷಣ ಹೋಗಬೇಕು. ಹೊರಗೆ ಹೋಗುವಾಗ ಪ್ಲಾಸ್ಟಿಕ್ ಚೀಲ ಸುತ್ತಿ, ಒಳಗೆ ಬಂದ ಕೂಡಲೇ ಬಿಚ್ಚಿ, ಇಲ್ಲದಿದ್ದರೆ ಒಳಗೆ ಬೆವೆತು ಕೊಳೆಯುತ್ತದೆ.

ಔಷಧ ಮತ್ತು ನೋವು

ಮೊದಲಿಗೆ ಮಾಡಬಾರದ್ದನ್ನೇ ಹೇಳಿಬಿಡುತ್ತೇನೆ. ಮನುಷ್ಯರ ನೋವಿನ ಮಾತ್ರೆಯನ್ನು ಅರ್ಧ ಮುರಿದೋ ಕಾಲು ಮುರಿದೋ ಕೊಡಬಾರದು. ಪ್ಯಾರಸಿಟಮಾಲನ್ನು ವಿಷವಿಲ್ಲದಂತೆ ಒಡೆಯುವ ಕಿಣ್ವದ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಅದರ ರಕ್ತ ಆಮ್ಲಜನಕವನ್ನು ಹೊರಲಾರದಂತಾಗಿ ವಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಐಬುಪ್ರೊಫೆನ್, ಡೈಕ್ಲೋಫಿನಾಕ್‌ಗಳು ನಾಯಿಯ ಜಠರದಲ್ಲಿ ಹುಣ್ಣನ್ನು, ಮೂತ್ರಪಿಂಡದಲ್ಲಿ ವೈಫಲ್ಯವನ್ನು ತರುತ್ತವೆ. ಮನುಷ್ಯರ ಕೆಲವು ದ್ರವ ಔಷಧಗಳಲ್ಲಿ ಸಿಹಿಗೆಂದು ಬೆರೆಸುವ ಕ್ಸೈಲಿಟಾಲ್ ಕೂಡ ನಾಯಿಗೆ ವಿಷ.

ವೈದ್ಯರು ಬರೆದುಕೊಟ್ಟ ಮೆಲಾಕ್ಸಿಕಾಮ್ ಅಥವಾ ಕಾರ್‌ಪ್ರೊಫೆನ್‌ನಂಥ ನೋವುನಿವಾರಕವನ್ನು ಊಟದ ಜೊತೆ ಕೊಡಬೇಕು. ಪ್ರಾಣಿ ಊಟ ಬಿಟ್ಟಿದ್ದರೆ, ವಾಂತಿ ಮಾಡಿದರೆ ಅಥವಾ ಮಲ ಡಾಂಬರಿನಂತೆ ಕಪ್ಪಾದರೆ ಮುಂದಿನ ಡೋಸ್ ನಿಲ್ಲಿಸಿ ವೈದ್ಯರನ್ನು ಕೇಳಿ. ಒಂದು ಡೋಸ್ ಮರೆತರೆ ಮುಂದಿನ ಬಾರಿ ಎರಡನ್ನು ಸೇರಿಸಿ ಕೊಡಬಾರದು. ಪ್ರಾಣಿ ಲವಲವಿಕೆಯಿಂದಿದೆ ಎಂದು ಆ್ಯಂಟಿಬಯಾಟಿಕ್ ಅನ್ನು ನಡುವೆ ಬಿಡಬಾರದು. ಕೊಟ್ಟ ಔಷಧ, ಗಂಟೆ, ಕೊಟ್ಟವರು ಯಾರು ಎಂಬ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಒಂದೇ ಮಾತ್ರೆಯನ್ನು ಇಬ್ಬರೂ ಕೊಡುವುದು ಅಕ್ಕರೆಯ ಮನೆಗಳಲ್ಲೇ ಹೆಚ್ಚು.

ಬೆಕ್ಕಿಗೆ ಮಾತ್ರೆ ನುಂಗಿಸುವುದು ಹಲವರಿಗೆ ಯುದ್ಧ. ಮೇಜಿನ ಮೇಲೆ, ಅದರ ಬೆನ್ನು ನಿಮ್ಮ ಹೊಟ್ಟೆಗೆ ಒರಗುವಂತೆ ಕೂರಿಸಿ. ಎಡಗೈಯನ್ನು ತಲೆಯ ಮೇಲಿನಿಂದ ತಂದು ಹೆಬ್ಬೆರಳು ಒಂದು ಕೆನ್ನೆಮೂಳೆಗೆ, ನಡುಬೆರಳು ಇನ್ನೊಂದಕ್ಕೆ ಬರುವಂತೆ ಹಿಡಿದು ಮೂಗು ಮೇಲ್ಮುಖವಾಗುವಂತೆ ವಾಲಿಸಿದರೆ ಕೆಳದವಡೆ ತಾನಾಗಿಯೇ ಸಡಿಲವಾಗುತ್ತದೆ. ಬಲಗೈಯ ತೋರುಬೆರಳು ಹೆಬ್ಬೆರಳುಗಳ ನಡುವೆ ಮಾತ್ರೆ ಹಿಡಿದು, ನಡುಬೆರಳಿನಿಂದ ಮುಂದಿನ ಸಣ್ಣ ಹಲ್ಲುಗಳ ಮೇಲೆ ಒತ್ತಿ ಬಾಯಿ ತೆರೆದು, ನಾಲಿಗೆಯ ಬುಡದ ನಟ್ಟನಡುವೆ ಮಾತ್ರೆಯನ್ನು ಬೀಳಿಸಿ ಬಾಯಿ ಮುಚ್ಚಿ. ಬೆಕ್ಕು ಮೂಗು ನೆಕ್ಕಿಕೊಂಡರೆ ನುಂಗಿದೆ ಎಂದು ತಿಳಿಯಬಹುದು. ಬಳಿಕ ಸೂಜಿಯಿಲ್ಲದ ಸಿರಿಂಜಿನಿಂದ 5ರಿಂದ 6 ಮಿಲಿಲೀಟರ್ ನೀರನ್ನು ಕೆನ್ನೆಯ ಬದಿಯಿಂದ ಮೆಲ್ಲಗೆ ಕುಡಿಸುವುದನ್ನು ಬಿಡಬೇಡಿ: ಡಾಕ್ಸಿಸೈಕ್ಲಿನ್‌ನಂಥ ಮಾತ್ರೆಗಳು ಬೆಕ್ಕಿನ ಅನ್ನನಾಳದಲ್ಲಿ ಸಿಕ್ಕಿಕೊಂಡು ಅಲ್ಲಿ ಹುಣ್ಣು ಮಾಡಬಲ್ಲವು.

ನೋವನ್ನು ಗುರುತಿಸುವುದರಲ್ಲಿ ನಾಯಿಗೂ ಬೆಕ್ಕಿಗೂ ವ್ಯತ್ಯಾಸವಿದೆ. ನೋವಿರುವ ನಾಯಿ ಒಂದೆಡೆ ಮಲಗಲಾರದೆ ಜಾಗ ಬದಲಿಸುತ್ತದೆ, ಸೆಕೆಯಿಲ್ಲದಿದ್ದರೂ ಏದುಸಿರು ಬಿಡುತ್ತದೆ, ಹೊಟ್ಟೆನೋವಾದರೆ ಮುಂಗಾಲು ಚಾಚಿ ಎದೆಯನ್ನು ನೆಲಕ್ಕೂರಿ ಹಿಂಭಾಗವನ್ನು ಎತ್ತಿ ನಿಲ್ಲುತ್ತದೆ. ಬೆಕ್ಕು ಸದ್ದಿಲ್ಲದೆ ಮುದುರಿಕೊಳ್ಳುತ್ತದೆ. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ, ಬೆಕ್ಕಿನ ಮುಖಭಾವದಿಂದ ನೋವನ್ನು ಅಳೆಯುವ ಮಾಪಕದಲ್ಲಿ ಐದು ಅಂಶಗಳಿವೆ: ಕಿವಿಗಳ ನಿಲುವು, ಕಣ್ಣು ಕಿರಿದಾಗುವಿಕೆ, ಮೂತಿಯ ಬಿಗಿತ, ಮೀಸೆಯ ನಿಲುವು, ಭುಜಕ್ಕೆ ಹೋಲಿಸಿದರೆ ತಲೆಯ ಎತ್ತರ. ಕಿವಿ ಅಗಲಕ್ಕೆ ತಿರುಗಿ, ಕಣ್ಣು ಅರೆಮುಚ್ಚಿ, ತಲೆ ಭುಜಕ್ಕಿಂತ ಕೆಳಗೆ ಜೋತಿರುವ ಬೆಕ್ಕು ವಿಶ್ರಾಂತಿ ಪಡೆಯುತ್ತಿಲ್ಲ, ನೋವು ತಿನ್ನುತ್ತಿದೆ.

ಊಟ, ಮೂತ್ರ, ಮಲ

ಎರಡನೆಯ ದಿನದ ಹೊತ್ತಿಗೆ ಹಸಿವು ಮರಳಬೇಕು. ಎಂದಿನ ಆಹಾರವನ್ನೇ ಸ್ವಲ್ಪ ಸ್ವಲ್ಪವಾಗಿ ಕೊಡುವುದು ಕ್ಷೇಮ. ಕಾಯಿಲೆ ಬಿದ್ದದ್ದೆಂಬ ಮರುಕದಿಂದ ಹೊಸ ರುಚಿಗಳನ್ನು ಉಣಿಸಿದರೆ ಭೇದಿ ಜೊತೆಯಾಗುತ್ತದೆ. ಬೆಕ್ಕು ಮೂಗಿನಿಂದಲೇ ಊಟ ಮಾಡುವ ಪ್ರಾಣಿಯಾದ್ದರಿಂದ ಆಹಾರವನ್ನು ಮೈಶಾಖದಷ್ಟು ಬೆಚ್ಚಗೆ ಮಾಡಿಕೊಟ್ಟರೆ ವಾಸನೆಗೆ ಎದ್ದು ಬರುತ್ತದೆ. ಈರುಳ್ಳಿ ಬೆಳ್ಳುಳ್ಳಿ ಸೋಕಿದ ಯಾವುದನ್ನೂ ಕೊಡಬೇಡಿ, ಅವು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಕ್ಕು, ಅದರಲ್ಲೂ ದಪ್ಪಗಿರುವ ಬೆಕ್ಕು, ಒಂದೆರಡು ದಿನ ಏನೂ ತಿನ್ನದೆ ಉಳಿದರೆ ಮೈಯ ಕೊಬ್ಬು ಯಕೃತ್ತಿಗೆ ಹರಿದು ಸೇರಿ ಪ್ರಾಣಾಪಾಯವಾಗಬಹುದು. ಆದ್ದರಿಂದ 24 ಗಂಟೆ ಕಳೆದರೂ ಬಾಯಿಗೆ ಹಾಕಿಕೊಳ್ಳದಿದ್ದರೆ ತಿಳಿಸಬೇಕು. ಮೊಲದ ಲೆಕ್ಕ ಇನ್ನೂ ಬಿಗಿ: 10ರಿಂದ 12 ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಅದರ ಕರುಳೇ ನಿಂತುಹೋಗಿರಬಹುದು.

ಮಲ ಎರಡು ಮೂರು ದಿನ ಬಾರದಿರುವುದು ಸಹಜ. ಹೊಟ್ಟೆ ಖಾಲಿಯಾಗಿತ್ತು, ನೋವುನಿವಾರಕಗಳು ಕರುಳನ್ನು ನಿಧಾನಗೊಳಿಸುತ್ತವೆ. ಮೂತ್ರದ ವಿಷಯ ಹಾಗಲ್ಲ. 24 ಗಂಟೆಯೊಳಗೆ ಮೂತ್ರ ಹೋಗಲೇಬೇಕು. ಗಂಡುಬೆಕ್ಕು ತಟ್ಟೆಯಲ್ಲಿ ಕುಳಿತು ತಿಣುಕುತ್ತಿದ್ದು ಹನಿ ಬೀಳದಿದ್ದರೆ ಅದು ಮಲಬದ್ಧತೆ ಎಂದು ತಪ್ಪು ತಿಳಿಯುವವರು ಹೆಚ್ಚು. ಮೂತ್ರನಾಳ ಕಟ್ಟಿರುವ ಸಂಭವವಿದ್ದು ಅದು ತುರ್ತುಸ್ಥಿತಿ.

ಸುಮ್ಮನಿರಿಸುವ ಕಷ್ಟ

ಸಾಮಾನ್ಯ ಮೃದು ಅಂಗಾಂಶದ ಶಸ್ತ್ರಚಿಕಿತ್ಸೆಗೆ 10ರಿಂದ 14 ದಿನ, ಮೂಳೆ ಅಥವಾ ಅಸ್ಥಿರಜ್ಜುವಿನದಕ್ಕೆ 6ರಿಂದ 8 ವಾರ ಅಥವಾ ಹೆಚ್ಚು ನಿರ್ಬಂಧ ಬೇಕು. ಓಟ, ಜಿಗಿತ, ಮೆಟ್ಟಿಲು, ಬೇರೆ ನಾಯಿಯೊಡನೆ ಗುದ್ದಾಟ ಯಾವುದೂ ಇಲ್ಲ. ಶೌಚಕ್ಕೆ ಹೊರಗೆ ಕರೆದೊಯ್ಯುವಾಗ ಗಿಡ್ಡ ಹಗ್ಗ, ಐದು ನಿಮಿಷ, ಮರಳಿ ಒಳಗೆ. ಸ್ವಂತ ಅಂಗಳವೇ ಆದರೂ ಹಗ್ಗ ಬೇಕು, ಏಕೆಂದರೆ ಅಳಿಲು ಕಂಡ ನಾಯಿಗೆ ಹೊಲಿಗೆಯ ನೆನಪಿರುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಎದ್ದು ನಿಂತು ತಿರುಗಿ ಮಲಗಲು ಸಾಲುವಷ್ಟು ದೊಡ್ಡ ಪಂಜರದಲ್ಲಿಡುವುದು ಕ್ರೌರ್ಯವಲ್ಲ.

ಹಿಂಗಾಲಿಗೆ ಬಲವಿಲ್ಲದ ದೊಡ್ಡ ನಾಯಿಯನ್ನು ಎಬ್ಬಿಸಲು ಅಗಲವಾದ ಟವೆಲನ್ನು ಹಿಂಗಾಲುಗಳ ಮುಂದೆ ಹೊಟ್ಟೆಯಡಿ ತೂರಿಸಿ ಎರಡೂ ತುದಿಗಳನ್ನು ಎತ್ತಿ ಹಿಡಿಯಬಹುದು. ಗಾಯವೇ ಹೊಟ್ಟೆಯಲ್ಲಿದ್ದರೆ ಈ ಉಪಾಯ ಬೇಡ. ಬೆಕ್ಕಿಗಾದರೆ ಕಪಾಟಿನ ಮೇಲ್ಭಾಗಕ್ಕೆ ಹತ್ತುವ ದಾರಿಗಳನ್ನೆಲ್ಲ ಮುಚ್ಚಬೇಕು. ದೇಹ ದಣಿಯದ ಪ್ರಾಣಿಯ ಮನಸ್ಸನ್ನಾದರೂ ದಣಿಸಬೇಕು: ದಿನದ ಊಟದ ಒಂದು ಪಾಲನ್ನು ಬಟ್ಟೆಯ ಮಡಿಕೆಗಳಲ್ಲಿ ಬಚ್ಚಿಟ್ಟು ಮೂಸಿ ಹುಡುಕಲು ಬಿಟ್ಟರೆ ಕಾಲು ಗಂಟೆಯ ಹುಡುಕಾಟಕ್ಕೇ ನಾಯಿ ತೃಪ್ತಿಯಿಂದ ನಿದ್ದೆಹೋಗುತ್ತದೆ. ಏನು ಮಾಡಿದರೂ ಅಂಕೆಗೆ ಬಾರದಿದ್ದರೆ ವೈದ್ಯರು ಶಮನಕಾರಿ ಔಷಧ ಕೊಡಬಲ್ಲರು. ಕೇಳಲು ಸಂಕೋಚ ಬೇಡ.

ಶಸ್ತ್ರಚಿಕಿತ್ಸೆಯ ಬಗೆಗೆ ತಕ್ಕಂತೆ

ಬೀಜ ತೆಗೆಸಿದ ಗಂಡುಪ್ರಾಣಿ ಕೆಲವು ವಾರಗಳವರೆಗೆ ಗರ್ಭ ಕಟ್ಟಿಸಬಲ್ಲದು, ಆದ್ದರಿಂದ ಸುಮಾರು 6 ವಾರ ಹೆಣ್ಣುಗಳಿಂದ ದೂರವಿರಲಿ. ಸಂತಾನಹರಣದ ನಂತರ ದೇಹದ ಶಕ್ತಿಯ ಅಗತ್ಯ ಇಳಿಯುವುದರಿಂದ, ಗಾಯ ಮಾಗಿದ ಮೇಲೆ ಊಟದ ಅಳತೆಯನ್ನು ವೈದ್ಯರೊಡನೆ ಮರುನಿಗದಿ ಮಾಡಿಕೊಳ್ಳಬೇಕು. ಹಲ್ಲು ಕೀಳಿಸಿದ್ದರೆ ಸುಮಾರು ಎರಡು ವಾರ ಮೆತ್ತನೆಯ ಆಹಾರ; ಅಗಿಯುವ ಆಟಿಕೆಗಳನ್ನು ಎತ್ತಿಡಿ. ಕಣ್ಣಿನ ಶಸ್ತ್ರಚಿಕಿತ್ಸೆಯಾದ ನಾಯಿಗೆ ಕುತ್ತಿಗೆಪಟ್ಟಿಯ ಬದಲು ಎದೆಪಟ್ಟಿ ಹಾಕಬೇಕು, ಕುತ್ತಿಗೆ ಎಳೆದಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಎರಡು ಬಗೆಯ ಹನಿಗಳ ನಡುವೆ ಐದು ನಿಮಿಷದ ಅಂತರವಿರಲಿ.

ಕರುಳಿನ ಶಸ್ತ್ರಚಿಕಿತ್ಸೆಯ ಬಗ್ಗೆ ಮಾತ್ರ ಇನ್ನೊಂದು ಮಾತು ಹೇಳಬೇಕು. ಒಳಗಿನ ಹೊಲಿಗೆ ಸೋರುವುದಾದರೆ ಅದು ಹೆಚ್ಚಾಗಿ ಮೂರರಿಂದ ಐದನೆಯ ದಿನದ ಸುಮಾರಿಗೆ, ಅಂದರೆ ಪ್ರಾಣಿ ಗೆದ್ದಿತು ಎಂದು ಮನೆಯವರು ಅಂದುಕೊಳ್ಳುವ ಹೊತ್ತಿಗೆ. ತಿನ್ನುತ್ತಿದ್ದ ನಾಯಿ ಏಕಾಏಕಿ ಊಟ ಬಿಟ್ಟು, ವಾಂತಿ ಮಾಡಿ, ಹೊಟ್ಟೆ ಮುಟ್ಟಗೊಡದಿದ್ದರೆ ಹೊರಗಿನ ಗಾಯ ಎಷ್ಟೇ ಅಚ್ಚುಕಟ್ಟಾಗಿ ಕಂಡರೂ ಆ ಕ್ಷಣವೇ ಹೊರಡಬೇಕು.

ಕಾಯದೆ ಹೊರಡಬೇಕಾದ ಸಂದರ್ಭಗಳು

ಸ್ವಚ್ಛ ಬಟ್ಟೆಯಿಂದ 5ರಿಂದ 10 ನಿಮಿಷ ಒತ್ತಿ ಹಿಡಿದರೂ ನಿಲ್ಲದ ರಕ್ತ, ಬಿಳಿಚಿದ ಅಥವಾ ನೀಲಿಗಟ್ಟಿದ ವಸಡು, ಎಬ್ಬಿಸಿದರೂ ಏಳದ ಮಂಕು, ಕುಸಿದು ಬೀಳುವುದು, ಉಸಿರಿಗೆ ಒದ್ದಾಡುವುದು. ಗಾಢ ನಿದ್ದೆಯಲ್ಲಿ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿರುವುದು ಮತ್ತೆ ಮತ್ತೆ ಕಂಡರೂ ಕರೆ ಮಾಡಿ. ನಾಯಿ ಬೆಕ್ಕುಗಳ ಸಹಜ ಮೈಶಾಖ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಜಾರುವ ಜೆಲ್ ಸವರಿದ ಡಿಜಿಟಲ್ ಥರ್ಮಾಮೀಟರನ್ನು ಗುದದಲ್ಲಿ ಸುಮಾರು 2 ಸೆಂಟಿಮೀಟರ್ ತೂರಿಸಿ ನೋಡಿದಾಗ 39.5 ದಾಟಿದ್ದರೆ ಜ್ವರವಿದೆ. ನಮ್ಮ ಕೈಗೆ ಅವುಗಳ ಮೈ ಯಾವಾಗಲೂ ಬೆಚ್ಚಗೇ ತಾಗುವುದರಿಂದ ಮುಟ್ಟಿ ನೋಡಿದ ಅಂದಾಜು ನಂಬಲರ್ಹವಲ್ಲ, ಮೂಗು ಒಣಗಿದೆಯೋ ಇಲ್ಲವೋ ಎಂಬ ಪರೀಕ್ಷೆಯಂತೂ ಏನನ್ನೂ ಹೇಳುವುದಿಲ್ಲ.

ಹೊಲಿಗೆ ಬಿಚ್ಚಿ ಒಳಗಿನ ಅಂಗಾಂಶ ಹೊರಬಂದಿದ್ದರೆ ಅದನ್ನು ಒಳಗೆ ತಳ್ಳಬೇಡಿ. ಸ್ವಚ್ಛವಾದ ಒದ್ದೆ ಬಟ್ಟೆಯನ್ನು ಮೇಲೆ ಹೊದಿಸಿ, ಸಡಿಲವಾಗಿ ಸುತ್ತಿ, ಬಾಯಿ ತಲುಪದಂತೆ ಒಬ್ಬರು ಹಿಡಿದುಕೊಂಡು ಆಸ್ಪತ್ರೆಗೆ ಒಯ್ಯಿರಿ. ಹೊರಡುವ ಮುನ್ನವೇ ಕರೆ ಮಾಡಿದರೆ ಅಲ್ಲಿ ಸಿದ್ಧತೆ ನಡೆದಿರುತ್ತದೆ.

ಹೊಲಿಗೆ ಬಿಚ್ಚಿಸಿದ ನಂತರ

ಹೊರಗಿನ ಹೊಲಿಗೆಯನ್ನು ಸಾಮಾನ್ಯವಾಗಿ 10ರಿಂದ 14ನೆಯ ದಿನದ ನಡುವೆ ವೈದ್ಯರು ತೆಗೆಯುತ್ತಾರೆ. ಮನೆಯಲ್ಲೇ ಕತ್ತರಿ ಹಿಡಿಯುವ ಸಾಹಸ ಬೇಡ, ಅರ್ಧ ಕತ್ತರಿಸಿದ ದಾರ ಒಳಗೇ ಉಳಿದು ಕೀವು ಕಟ್ಟುತ್ತದೆ. ಒಳಗೆ ಕರಗುವ ಹೊಲಿಗೆಯಾದರೂ ತೋರಿಸಿಕೊಂಡು ಬರುವುದನ್ನು ತಪ್ಪಿಸಬಾರದು. ದಾರ ತೆಗೆದ ರಂಧ್ರಗಳು ತುರಿಸುವುದರಿಂದ ಇನ್ನೂ ಒಂದು ದಿನ ಕೋನ್ ಇರಲಿ, ಸ್ನಾನಕ್ಕೆ ಇನ್ನೆರಡು ದಿನ ತಡೆಯಿರಿ. ನಡಿಗೆಯನ್ನು ಹತ್ತು ನಿಮಿಷದಿಂದ ಆರಂಭಿಸಿ ವಾರವೊಂದರಲ್ಲಿ ಎಂದಿನ ಅಳತೆಗೆ ತನ್ನಿ. ಬೋಳಿಸಿದ ಜಾಗದಲ್ಲಿ ಕೂದಲು ಮೊದಲಿಗೆ ಬೇರೆ ಬಣ್ಣದಲ್ಲಿ ಹುಟ್ಟಿದರೆ, ಮುಂದಿನ ಬಾರಿ ಕೂದಲು ಉದುರಿ ಹೊಸದು ಬರುವಾಗ ಅದು ಹೆಚ್ಚಾಗಿ ಸರಿಹೋಗುತ್ತದೆ.